ಒಂದು ‘ಒಲ್ಲೆ’ಯನ್ನು ಅರಸಿ

ಪರದೇಶವೆಂದರೆ ಕಡಲು ದಾಟಲೇಬೇಕೆಂಬ ನಿಯಮವಿಲ್ಲ. ಭಾಷೆಯ ಗಡಿ ದಾಟಿದರೆ ಸಾಕು, ಮನುಷ್ಯನು ಪರದೇಶಿಯಾಗುತ್ತಾನೆ. ಸೇಡಂ ಕಡೆಯವನಾದ ನನಗೆ ತೆಲುಗು ಪಕ್ಕದ ಮನೆ. ಮರಾಠಿ ಮಾತ್ರ ಮದುವೆ ಮುಂಜಿಗಳಲ್ಲಷ್ಟೇ ಮುಖ ತೋರಿಸುವ ದೂರದ ನೆಂಟ. ಬಹುಕಾಲ ಸಂಸ್ಕೃತ ಪಾಠಶಾಲೆಯಲ್ಲಿ ಮಕ್ಕಳಿಗೆ ಕಾವ್ಯ ವ್ಯಾಕರಣಗಳನ್ನು ಹೇಳಿಕೊಟ್ಟು, ಈಗ ಸಂಜೆಯ ಹೊತ್ತು ಊರವರಿಗೆ ಪುರಾಣ ಹೇಳುತ್ತ ದಿನ ನೂಕುತ್ತಿರುವ ನಾನು, ಕಳೆದ ಶ್ರಾವಣದಲ್ಲಿ ಗೋದಾವರಿಯ ಸೀಮೆಗೆ ಹೊರಟದ್ದು ಎರಡು ಜ್ಯೋತಿರ್ಲಿಂಗಗಳ ದರ್ಶನಕ್ಕೆ. ತ್ರ್ಯಂಬಕೇಶ್ವರ ಒಂದು, ವೇರುಳದ ಘೃಷ್ಣೇಶ್ವರ ಇನ್ನೊಂದು. ಶಿವಕೃಪೆಯಿಂದ ದರ್ಶನಗಳೇನೋ ಆದವು. ಆದರೆ ಯಾತ್ರೆಯ ಅರ್ಧಭಾಗವು ಯಾರ ಬಾಯಿಂದಲಾದರೂ ‘ಒಲ್ಲೆ’ ಎಂಬ ಒಂದು ಮಾತನ್ನು ಕೇಳಿಸಿಕೊಳ್ಳುವ ಪ್ರಯತ್ನದಲ್ಲಿಯೇ ಕಳೆಯಿತು. ಅದು ಹೇಗಾಯಿತೆಂದು ಊರಿನ ಮಿತ್ರರು ಪದೇ ಪದೇ ವಿಚಾರಿಸುತ್ತಿರುವುದರಿಂದ ಸಾವಕಾಶವಾಗಿ ಹೇಳುತ್ತೇನೆ.

ಮನ್ಮಾಡ್

ದಕ್ಷಿಣದಿಂದ ನಾಸಿಕಕ್ಕೆ ಹೋಗುವವರು ಈ ದೊಡ್ಡ ಜಂಕ್ಷನ್ನಿನಲ್ಲಿ ಇಳಿದು ಬೇರೆ ರೈಲು ಹಿಡಿಯಬೇಕು. ನಾನು ಇಳಿದಾಗ ಬೆಳಕು ಹರಿಯುತ್ತಿತ್ತು. ಮುಂದಿನ ರೈಲಿಗೆ ಸಮಯವಿದ್ದುದರಿಂದ, ನಲ್ಲಿಯಲ್ಲಿ ಕೈಕಾಲು ತೊಳೆದು, ವಿಭೂತಿ ಧರಿಸಿ, ಶಾಲು ಹೊದ್ದು, ಒಂದು ಕಂಬದ ಮರೆಯಲ್ಲಿ ಜಪಕ್ಕೆ ಕುಳಿತೆ. ಕಣ್ಣು ಮುಚ್ಚುವ ಮುನ್ನ, ಪಕ್ಕದಲ್ಲಿ ಬುತ್ತಿ ಬಿಚ್ಚುತ್ತಿದ್ದ ಒಬ್ಬ ಗೃಹಸ್ಥರಿಗೆ ನನಗೆ ತಿಳಿದಷ್ಟು ಹಿಂದಿಯಲ್ಲಿ, “ನಾಸಿಕದ ಗಾಡಿ ಬಂದರೆ ದಯವಿಟ್ಟು ಎಚ್ಚರಿಸಿ” ಎಂದು ವಿನಂತಿಸಿಕೊಂಡೆ. ಅವರು ಎದೆಯ ಮೇಲೆ ಕೈಯಿಟ್ಟು ಒಪ್ಪಿದರು.

ಜಪ ಮುಗಿಸಿ ಕಣ್ಣು ತೆರೆದರೆ, ಮುಂದೆ ಎರಡು ಬಾಳೆಹಣ್ಣು, ಒಂದು ಚೆಂಡುಹೂವು. ಗೃಹಸ್ಥರು ಕೈಮುಗಿದು ಕುಳಿತಿದ್ದಾರೆ. ಅವರ ಹೆಂಡತಿ ಸೆರಗು ಹೊದ್ದು ಕುಳಿತಿದ್ದಾರೆ. ಪ್ಲಾಟ್‌ಫಾರ್ಮು ಖಾಲಿ.

“ಗಾಡಿ?” ಎಂದೆ.

“ಬಂತು ಬಾಬಾ, ಹೋಯಿತು” ಎಂದರು, ಅತ್ಯಂತ ಭಕ್ತಿಯಿಂದ.

“ಎಬ್ಬಿಸಲಿಲ್ಲವೇಕೆ?”

“ಧ್ಯಾನದಲ್ಲಿದ್ದವರನ್ನು ಎಬ್ಬಿಸುವ ಪಾಪ ನಮಗೇಕೆ ಬಾಬಾ? ನಾವೂ ಅದೇ ಗಾಡಿಗೆ ಹೋಗಬೇಕಿತ್ತು. ನಿಮ್ಮ ಚೀಲ ಯಾರು ಕಾಯಬೇಕೆಂದು ಉಳಿದುಕೊಂಡೆವು.”

ಇಂಥ ಸಜ್ಜನರ ಮೇಲೆ ಕೋಪಿಸಿಕೊಳ್ಳುವುದು ಹೇಗೆ? ಬಾಳೆಹಣ್ಣನ್ನು ಹಂಚಿಕೊಂಡು ತಿಂದು, ಮುಂದಿನ ಗಾಡಿಗಾಗಿ ಮೂವರೂ ಕಾದೆವು. ಗೌರವವೆಂಬುದು ಮನುಷ್ಯನಿಗೆ ರೈಲು ತಪ್ಪಿಸಬಲ್ಲದೆಂಬ ಸತ್ಯವು ನನಗೆ ಅಂದೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬಾಳೆಹಣ್ಣು ರುಚಿಯಾಗಿತ್ತೆಂಬುದಷ್ಟೇ ಹೊಳೆಯಿತು.

ನಾಸಿಕ

ಮಗಳು ಅಳಿಯ ನಾಸಿಕದಲ್ಲಿ ಬಟ್ಟೆಯ ವ್ಯಾಪಾರ ಮಾಡಿಕೊಂಡಿದ್ದಾರೆ. ಅವರ ಮಗಳು ಗಿರಿಜೆ ಅಲ್ಲಿಯೇ ಹುಟ್ಟಿ ಬೆಳೆದವಳು. ಕನ್ನಡವನ್ನು ಪೂರ್ತಿ ಬಲ್ಲಳು, ಕಿವಿಯಿಂದ. ಬಾಯಿಗೆ ಬರುವಾಗ ಅದು ದಾರಿಯಲ್ಲಿ ಮರಾಠಿಯನ್ನೂ ಹಿಂದಿಯನ್ನೂ ಜೊತೆಗೆ ಕರೆದುಕೊಂಡು ಬರುತ್ತದೆ. ನರ್ಸಿಂಗ್ ಓದಿ, ಕೆಲಕಾಲ ಆಸ್ಪತ್ರೆಯಲ್ಲಿ ದುಡಿದು, ಈಗ ಅದೇ ವಿಷಯದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ನರ್ಸಮ್ಮನಿಗೆ ಸೂಜಿ ಮದ್ದು ಗೊತ್ತಿದ್ದರಾಯಿತು, ಸಂಶೋಧನೆ ಎಂಥದು ಎಂದು ನಾನು ಭಾವಿಸಿದ್ದೆ. ಹಾಗೆಂದು ಬಾಯಿಬಿಟ್ಟು ಕೇಳಿಯೂ ಬಿಟ್ಟೆ.

“ಮುತ್ಯಾ, ಹಂಗ ನಾಹೀ” ಎಂದಳು. ನಾಹೀ ಎಂಬುದು ಮರಾಠಿಯ ‘ಇಲ್ಲ’. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಎನ್ನುತ್ತಾರೆ. ಅದೊಂದು ಶಬ್ದವನ್ನು ಅವಳು ಕೆಡಿಸಿಲ್ಲ. “ಊರು ಬಿಟ್ಟು ಕೂಲಿಗಿ ಬಂದೋರು ಇರ್ತಾರಲ್ಲ, ಪತ್ತಾ ಇಲ್ಲ, ಕಾರ್ಡ್ ಇಲ್ಲ, ಭಾಷಾ ಬರೂದಿಲ್ಲ. ಅವ್ರು ದವಾಖಾನಿಗಿ ಹೋದ್ರ ಅವ್ರಿಗಿ ಮನುಷ್ಯಾರಂಗ ನೋಡ್ತಾರೇನು? ಏನ್ ಮಾಡ್ಲತ್ತೀವಿ ಅಂತ ಹೇಳ್ತಾರೇನು? ಕೇಳ್ತಾರೇನು? ಅದು ಅವ್ರ ಹಕ್ಕು ಆಹೇ. ನಾನು ಅದನ್ನ ಅವ್ರ ಬಾಯಿಂದನೇ ಕೇಳಬೇಕು.”

ವಿಷಯ ಗಂಭೀರವೆಂದು ಒಪ್ಪಿಕೊಂಡೆ. ಆದರೆ ಅವಳ ವಿಧಾನ ನನಗೆ ವಿಚಿತ್ರವಾಗಿ ಕಂಡಿತು. ನನಗೆ ಸಕ್ಕರೆ ಕಾಯಿಲೆ. ಮರುದಿನ ಬೆಳಿಗ್ಗೆ ರಕ್ತ ಪರೀಕ್ಷೆಗೆಂದು ನನ್ನ ಬೆರಳು ಹಿಡಿದವಳು, “ಚುಚ್ಚಲಾ ಮುತ್ಯಾ?” ಎಂದು ಕೇಳಿ ಸುಮ್ಮನೆ ನಿಂತಳು. ಸೂಜಿ ಗಾಳಿಯಲ್ಲಿಯೇ ನಿಂತಿತು.

“ನಿನ್ನ ಅಜ್ಜನ ಬೆರಳು. ಕೇಳುವುದೇನವ್ವ?”

“ನಿಮ್ಮ ಬೆರಳು ಆಹೇ. ಕೇಳಬೇಕು.”

“ಬೇಡ ಎಂದರೆ?”

“ಬ್ಯಾಡ ಅಂದ್ರ ಬ್ಯಾಡ. ಪಣ ಪೇಢೆ ತಿನ್ನೂದು ಬಂದ್.”

ಮರಾಠಿಯ ‘ಪಣ’ ಎಂದರೆ ‘ಆದರೆ’. ಎರಡನೆಯ ಮಾತಿನಲ್ಲಿ ಸ್ವಲ್ಪ ಒತ್ತಾಯವಿತ್ತೆಂದು ನನ್ನ ಅಭಿಪ್ರಾಯ.

ಊಟದ ವಿಷಯದಲ್ಲಿ ನಾಸಿಕವು ನನ್ನ ವ್ರತಕ್ಕೆ ಪರೀಕ್ಷೆಯೊಡ್ಡಿತು. ಶ್ರಾವಣದಲ್ಲಿ ನಾನು ಈರುಳ್ಳಿ ಮುಟ್ಟುವುದಿಲ್ಲ. ಈ ಜಿಲ್ಲೆಯೋ ಈರುಳ್ಳಿಯ ತವರು. ಲಾರಿಗಳಲ್ಲಿ ಈರುಳ್ಳಿ, ರಸ್ತೆಯ ಬದಿಯಲ್ಲಿ ಈರುಳ್ಳಿ, ಗಾಳಿಯಲ್ಲಿಯೂ ಈರುಳ್ಳಿ. ಮಗಳ ಕಾಲು ಉಳುಕಿ ಅಡುಗೆಮನೆ ಮುಚ್ಚಿದ್ದರಿಂದ, ಪಕ್ಕದ ಬೀದಿಯಲ್ಲಿ ಕರಾವಳಿಯ ಐತಾಳರು ನಡೆಸುವ ಸಸ್ಯಾಹಾರಿ ಹೋಟೆಲಿಗೆ ಹೋದೆವು. ನನ್ನ ನಿಯಮ ಕೇಳಿ ಅವರು ಅಡುಗೆಮನೆಯ ಕಡೆ ತಿರುಗಿ ನೋಡಿದರು.

“ಎಂತ ಹೇಳುದು ಮಾರಾಯ್ರೆ, ಇಲ್ಲಿ ಈರುಳ್ಳಿ ಇಲ್ಲದ್ದು ಅಂದ್ರೆ ನೀರು ಮಾತ್ರ.”

“ಹಾಗಾದರೆ ನೀರೇ ಸಾಕು” ಎಂದೆ, ವಿನಯದಿಂದಲೇ.

“ಅಯ್ಯೋ, ನಿಮ್ಮಂಥವರು ನೀರು ಕುಡಿದು ಹೋದ್ರೆ ನನ್ನ ಹೋಟ್ಲು ಉಳಿಯುದುಂಟಾ?” ಎಂದು ಸ್ವತಃ ಒಳಗೆ ಹೋಗಿ, ಒಂದು ಒಲೆಯನ್ನು ನನಗಾಗಿಯೇ ಬಿಡಿಸಿ, ಬೇರೆ ಸಾರು ಮಾಡಿಸಿದರು. ಹೊರಗೆ ಗಿರಾಕಿಗಳು ದೋಸೆಗಾಗಿ ಕಾಯುತ್ತ ಗೊಣಗುತ್ತಿದ್ದರು. ಸಾರು ಸೊಗಸಾಗಿತ್ತು. ನನ್ನ ಮಾತಿಗೆ ಯಾರೂ ಇಲ್ಲವೆನ್ನುವುದಿಲ್ಲವೆಂಬುದನ್ನು ನಾನು ಆಗಲೂ ದೇವರ ದಯೆಯೆಂದೇ ತಿಳಿದಿದ್ದೆ.

ಆ ಸಾರಿನ ಮುಂದೆಯೇ ನನ್ನ ಹೊಸ ಉದ್ಯೋಗ ನಿಶ್ಚಯವಾಯಿತು. ನಾಸಿಕದ ಹತ್ತಿರದ ಸಿನ್ನರಿನಲ್ಲಿ, ಕಾರ್ಖಾನೆಗಳ ಹಿಂದೆ, ಕಟ್ಟಡದ ಕೂಲಿಗೆ ನಮ್ಮ ಕಲಬುರಗಿ ಯಾದಗಿರಿ ಕಡೆಯಿಂದ ಬಂದ ಹೆಣ್ಣುಮಕ್ಕಳ ತಗಡಿನ ಗುಡಿಸಲುಗಳಿವೆ. ಅವರಿಗೆ ಕನ್ನಡವೊಂದೇ ಬರುತ್ತದೆ. ಗಿರಿಜೆಯ ಜೊತೆಗೆ ದುಭಾಷಿಯಾಗಿ ಹೋಗಬೇಕಿದ್ದವಳು ಅವಳ ತಾಯಿ. ಅವಳ ಕಾಲು ಉಳುಕಿದ್ದರಿಂದ ಆ ಸ್ಥಾನ ನನಗೆ ಬಂತು. ಹೆಂಗಸರ ಮುಂದೆ ಮೊದಲು ಓದಿ ಹೇಳಬೇಕಾದ ನಾಲ್ಕು ಮಾತುಗಳನ್ನು ಗಿರಿಜೆ ಬರೆದುಕೊಟ್ಟಳು: ನಾವು ಯಾರು, ಏಕೆ ಬಂದಿದ್ದೇವೆ, ಬೇಡವೆಂದರೆ ನಿಮ್ಮ ಕೂಲಿಗಾಗಲಿ ಔಷಧಿಗಾಗಲಿ ತೊಂದರೆಯಿಲ್ಲ, ನಡುವೆ ಎದ್ದುಹೋದರೂ ತಪ್ಪಿಲ್ಲ. ಅವಳ ಕನ್ನಡ ಕುಂಟುತ್ತಿತ್ತು. ನಾನು ಅದನ್ನು ತಿದ್ದಿ, ಕೊನೆಯಲ್ಲಿ “ಯಾರ ಒತ್ತಾಯವೂ ಇಲ್ಲದೆ, ಪೂರ್ಣ ಅರಿವಿನಿಂದ” ಎಂಬ ಪದಗಳನ್ನು ಸೇರಿಸಿ, ಒಂದು ಗದ್ಯಖಂಡವನ್ನಾಗಿ ಮಾಡಿದೆ. ಓದಿ ನನಗೇ ಸಂತೋಷವಾಯಿತು.

ತ್ರ್ಯಂಬಕೇಶ್ವರ

ಸಿನ್ನರಿಗೆ ಹೋಗುವ ಹಿಂದಿನ ದಿನ ತ್ರ್ಯಂಬಕೇಶ್ವರಕ್ಕೆ ಹೋದೆ. ತಲೆಗಿಷ್ಟೆಂದು ಬಾಡಿಗೆ ಪಡೆಯುವ ಜೀಪಿನಲ್ಲಿ ಜನರನ್ನು ತುಂಬುವ ಕಲೆಯನ್ನು ಈ ಊರಿನವರಿಂದ ಕಲಿಯಬೇಕು. ನಮ್ಮ ಕಡೆ ಅಕ್ಕಿ ಮೂಟೆಗಳಿಗೂ ಇದಕ್ಕಿಂತ ಹೆಚ್ಚು ಗಾಳಿ ಸಿಗುತ್ತದೆ. ಒಬ್ಬ ತಾಯಿ ನನ್ನನ್ನು ನೋಡಿ ಮುಗುಳ್ನಕ್ಕು, ಕೇಳದೆಯೇ ತನ್ನ ಕೂಸನ್ನು ನನ್ನ ತೊಡೆಯ ಮೇಲಿರಿಸಿದಳು. ಬ್ರಹ್ಮಗಿರಿಯು ಮಂಜಿನಿಂದ ತಲೆ ಹೊರಚಾಚುವ ವೇಳೆಗೆ ಕೂಸು ನನ್ನ ಪಂಚೆಯನ್ನು ಪಾವನಗೊಳಿಸಿತ್ತು.

ಆದ್ದರಿಂದ ಕುಶಾವರ್ತ ತೀರ್ಥದಲ್ಲಿ ಮೀಯುವುದು ಅನಿವಾರ್ಯವಾಯಿತು. ಮಿಂದು ಮೆಟ್ಟಿಲೇರುತ್ತಿದ್ದಂತೆ ಒಬ್ಬ ಪುರೋಹಿತರು ನನ್ನ ಬಲಗೈ ಹಿಡಿದು, ಅಂಗೈಗೆ ನೀರು ಹೊಯ್ದು, ಅಕ್ಷತೆ ಹಾಕಿ, “ಗೋತ್ರ?” ಎಂದರು. ಪಾಠಶಾಲೆಯಲ್ಲಿ ಬೆಳೆದವನ ಬಾಯಿ. ಗೋತ್ರವೆಂದ ಕೂಡಲೇ ಅದು ತಾನಾಗಿ ಉತ್ತರಿಸಿತು. ಸಂಕಲ್ಪ ಶುರುವಾಯಿತು. ದೇಶಕಾಲಗಳು ಬಂದವು, ನನ್ನ ಹೆಸರು ಬಂತು, ನಾನು ಮಾಡಬೇಕೆಂದೇ ಇರದ ಒಂದು ದೊಡ್ಡ ಪೂಜೆಯ ಹೆಸರೂ ಬಂತು. ಬೇಡವೆನ್ನೋಣವೆಂದರೆ ಅಂಗೈಯಲ್ಲಿ ತೀರ್ಥವಿದೆ. ಕೈಯಲ್ಲಿ ನೀರು ಬಿದ್ದ ಮೇಲೆ ಬೇಡವೆನ್ನುವ ನಾಲಗೆ ಯಾವ ಆಸ್ತಿಕನಿಗಿದೆ? ಪೂಜೆ ಸಾಂಗವಾಗಿ ನೆರವೇರಿತು. ದಕ್ಷಿಣೆಯ ವಿಷಯ ಇಲ್ಲಿ ಬೇಡ.

ನನಗೆ ನಗು ಬಂದದ್ದು ಒಂದೇ ಕಾರಣಕ್ಕೆ. ಸಂಕಲ್ಪವೆಂದರೆ ಮಾಡುವವನು ತಾನೇ ಮನಸ್ಸಿನಲ್ಲಿ ನಿಶ್ಚಯಿಸಿ, ತಾನೇ ಬಾಯಿಬಿಟ್ಟು ಹೇಳಬೇಕಾದದ್ದು ಎಂದು ಎಷ್ಟೋ ಮಕ್ಕಳಿಗೆ ಪಾಠ ಹೇಳಿದವನು ನಾನು. ನನ್ನ ಸಂಕಲ್ಪವನ್ನು ಇನ್ನೊಬ್ಬರು ಮಾಡಿ ಮುಗಿಸಿದ್ದರು.

ಆದರೆ ಗರ್ಭಗುಡಿಯ ಮುಂದೆ ನಿಂತಾಗ ಈ ಲೌಕಿಕವೆಲ್ಲ ಕರಗಿತು. ಕಪ್ಪು ಕಲ್ಲಿನ ಆ ಕತ್ತಲೆ, ದೀಪದ ತಂಪು ಬೆಳಕು, ತ್ರಿಮೂರ್ತಿಗಳು ಅಂಗುಷ್ಠದಷ್ಟು ಚಿಕ್ಕವರಾಗಿ ನೆಲದ ಹಳ್ಳದಲ್ಲಿ ನೆಲೆಸಿದ ಆ ಲಿಂಗ. ಬಾಗದೆ ಯಾರಿಗೂ ಕಾಣದ ದೇವರು. ಕಣ್ಣು ತೇವವಾಯಿತು. ಹೊರಬಂದು ಒಂದು ದೊಡ್ಡ ಪೊಟ್ಟಣದ ತುಂಬ ಪ್ರಸಾದದ ಪೇಢೆ ಕಟ್ಟಿಸಿಕೊಂಡೆ. ನಾಳೆ ನಮ್ಮ ಸೀಮೆಯ ಹೆಣ್ಣುಮಕ್ಕಳನ್ನು ನೋಡಲು ಹೋಗುವುದಲ್ಲವೇ? ಬರಿಗೈಯಲ್ಲಿ ಹೋಗುವ ಪದ್ಧತಿ ನಮ್ಮದಲ್ಲ.

ಸಿನ್ನರ್

ಮಳೆ ಹಿಡಿದು ಕೆಲಸ ನಿಂತಿದ್ದರಿಂದ ಹೆಂಗಸರೆಲ್ಲ ಗುಡಿಸಲಲ್ಲಿದ್ದರು. ಗಿರಿಜೆ ಚಪ್ಪಲಿಯ ಕೆಸರು ತೊಳೆದು ಬರಲು ನಲ್ಲಿಯ ಕಡೆ ಹೋದಳು. ಅಷ್ಟರಲ್ಲಿ ನನ್ನ ವಿಭೂತಿ, ರುದ್ರಾಕ್ಷಿ, ಶಾಲುಗಳನ್ನು ಕಂಡ ಒಬ್ಬಳು, “ಯವ್ವಾ, ನಮ್ ಕಡಿ ಮುತ್ಯಾ ಬಂದಾರ್ ನೋಡ್ರೇ!” ಎಂದು ಕೂಗಿದಳು. ಮರುಕ್ಷಣ ಹೊರಸು ಬಂತು, ಅದರ ಮೇಲೆ ಕೌದಿ ಬಂತು, ಕೌದಿಯ ಮೇಲೆ ನಾನು. ಕೆಳಗೆ ಸುತ್ತಲೂ ಹೆಂಗಸರು. ಪುರಾಣಕ್ಕೆ ಕುಳಿತಂತೆಯೇ ಆಯಿತು.

ನಾನು ಪೊಟ್ಟಣ ಬಿಚ್ಚಿ, ಎಲ್ಲರಿಗೂ ಒಂದೊಂದು ಪೇಢೆಯನ್ನು ಕೈಯಾರೆ ಕೊಟ್ಟೆ. ತ್ರ್ಯಂಬಕೇಶ್ವರನ ಪ್ರಸಾದವೆಂದಾಗ ಅವರು ಕಣ್ಣಿಗೊತ್ತಿಕೊಂಡರು. ಒಂದಿಬ್ಬರು ಅರ್ಧ ತಿಂದು ಅರ್ಧವನ್ನು ಮಕ್ಕಳಿಗೆಂದು ಸೆರಗಿಗೆ ಕಟ್ಟಿಕೊಂಡರು. ಊರಿನ ಹೆಸರುಗಳು ಬಂದವು. ಯಾರದೋ ಸೋದರಮಾವ ನನ್ನ ಪುರಾಣ ಕೇಳಿದ್ದನೆಂದೂ ತಿಳಿಯಿತು. ಆಮೇಲೆ ನಾನು ಕಂಠ ಸರಿಪಡಿಸಿಕೊಂಡು ಆ ಗದ್ಯಖಂಡವನ್ನು ಓದಿದೆ. ಎಲ್ಲರೂ ತಲೆದೂಗಿದರು.

“ಬೇಡವೆನ್ನುವವರು ಯಾರಾದರೂ ಇದ್ದೀರಾ?”

“ನೀವ್ ಹೇಳಿದ ಮ್ಯಾಲ ಮುಗೀತು ಮುತ್ಯಾ! ನಾವ್ಯಾಕ ಬ್ಯಾಡ ಅಂತೀವಿ?”

ಒಬ್ಬರೂ ಬಿಡದೆ ಒಪ್ಪಿದರು. ನಾನು ಹಿಗ್ಗಿನಿಂದ ತಿರುಗಿ ನೋಡಿದರೆ, ಗಿರಿಜೆ ಕೈಯಲ್ಲಿ ಒದ್ದೆ ಚಪ್ಪಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ದೃಷ್ಟಿ ಖಾಲಿ ಪೊಟ್ಟಣದ ಮೇಲಿತ್ತು.

“ಅರೇ ದೇವಾ” ಎಂದಳು. ಅದು ಪ್ರಾರ್ಥನೆಯಾಗಿರಲಿಲ್ಲ.

ಹೆಂಗಸರಿಗೆ ನಕ್ಕು ಏನೋ ಸಮಾಧಾನ ಹೇಳಿ, ಇಂದು ಇಷ್ಟೇ ಎಂದು ನನ್ನನ್ನು ಎಬ್ಬಿಸಿದಳು. ನಾವು ಹೊರಡುವಾಗ ಮಲ್ಲಮ್ಮನೆಂಬ ಒಬ್ಬ ತೆಳ್ಳನೆಯ ಹೆಣ್ಣುಮಗಳು ಗಿರಿಜೆಯ ಸೆರಗಿನ ತುದಿ ಹಿಡಿದಳು. ಅವಳು ನನ್ನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

“ಯವ್ವಾ, ಮತ್ತ ಬರ್ತೀರಲ್ಲ? ನಂದೊಂದು ಮಾತು ಅದ. ಹೋದ ವರ್ಷ ದವಾಖಾನ್ಯಾಗ ನನಗ ಆಪರೇಷನ್ ಮಾಡ್ಯಾರ. ಏನಕ್ ಮಾಡಿದ್ರು, ಏನ್ ತಗದ್ರು, ಇವತ್ತಿನ ತನಕ ಗೊತ್ತಿಲ್ಲ. ನನಗ್ಯಾರೂ ಕೇಳ್ಲೇ ಇಲ್ಲ.”

ಬಸ್ಸು ಹತ್ತಿ ಕುಳಿತೆವು. ನಾನೇ ಕೇಳಿದೆ, “ಎಲ್ಲರೂ ಒಪ್ಪಿದರಲ್ಲವ್ವ?”

“ಅದೇ ಪ್ರಾಬ್ಲೆಮ್ ಆಹೇ ಮುತ್ಯಾ! ಪಹಿಲೇ ಪೇಢೆ ಯಾಕ ಕೊಟ್ರಿ? ದೇವರ ಪ್ರಸಾದ ತಿಂದು, ಹೊರಸಿನ ಮ್ಯಾಲ ಕುಂತ ಮುತ್ಯಾಗ ಯಾರು ನಾಹೀ ಅಂತಾರ? ನಾಹೀ ಅನ್ನಕ್ಕ ಜಾಗಾನೇ ಇಲ್ಲ ಅಂದ್ರ ಅವ್ರ ‘ಹೂಂ’ಗ ಅರ್ಥ ಏನು? ಇವತ್ತಿಂದು ಒಂದೂ ಹಿಡಿಯೂದಿಲ್ಲ. ಸಗಳಾ ಕ್ಯಾನ್ಸಲ್.”

ಆಗ ಕುಶಾವರ್ತದ ಪುರೋಹಿತರು ನೆನಪಾದರು. ಅವರು ನನ್ನ ಅಂಗೈಗೆ ನೀರು ಹೊಯ್ದಿದ್ದರು; ನಾನು ಇವರ ಅಂಗೈಗೆ ಪೇಢೆ ಇಟ್ಟಿದ್ದೆ. ಕಿಟಕಿಯ ಹೊರಗೆ ಈರುಳ್ಳಿ ಲಾರಿಗಳನ್ನು ನೋಡತೊಡಗಿದೆ.

ಛತ್ರಪತಿ ಸಂಭಾಜಿನಗರ

ಗಿರಿಜೆಗೆ ಮಾರ್ಗದರ್ಶನ ಮಾಡುವ ಸುಮನತಾಯಿಯವರು ಈ ನಗರದವರು. ತಾವೂ ಹಿಂದೆ ನರ್ಸ್ ಆಗಿದ್ದವರು. ಈಗ ತಲೆ ಬೆಳ್ಳಗಾಗಿದೆ, ಬೆನ್ನು ಮಾತ್ರ ವಾರ್ಡಿನಲ್ಲಿ ನಿಂತಂತೆಯೇ ನೇರವಾಗಿದೆ. ಹಳೆಯ ದರವಾಜೆಗಳ ಈ ಊರಿನಲ್ಲಿ ಬಾಗಿಲುಗಳು ಎಲ್ಲೆಂದರಲ್ಲಿ ರಸ್ತೆಯ ನಡುವೆ ನಿಂತಿರುತ್ತವೆ, ಗೋಡೆಗಳು ಕಾಣೆಯಾಗಿವೆ. ಪಕ್ಕದಿಂದ ಹೋಗಬಹುದಾದರೂ ಆಟೋದವರು ಶ್ರದ್ಧೆಯಿಂದ ಬಾಗಿಲಿನ ಒಳಗೇ ನುಗ್ಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ನಮ್ಮ ಆಟೋ ಹಾಗೆ ಸಿಕ್ಕಿಕೊಂಡಿದ್ದಾಗ ನನಗೆ, ಈ ಭೇಟಿ ತಡವಾದಷ್ಟೂ ಒಳ್ಳೆಯದೆನಿಸಿತು.

ಸುಮನತಾಯಿಯವರು ಹಿಂದಿಯಲ್ಲಿ ಮಾತಾಡಿದ್ದರಿಂದ ನನಗೆ ತಪ್ಪಿಸಿಕೊಳ್ಳುವ ಮಾರ್ಗವಿರಲಿಲ್ಲ. ಪೇಢೆಯ ವೃತ್ತಾಂತವನ್ನು ಕೇಳಿ ಅವರು ಮೊದಲು ಮನಸಾರೆ ನಕ್ಕರು. ಆಮೇಲೆ ಗಿರಿಜೆಗೆ ಹೇಳಿದರು: ಆ ವಸತಿಯನ್ನು ಬಿಟ್ಟುಬಿಡು, ಮರಾಠಿ ಮಾತಾಡುವ ಬೇರೆ ವಸತಿಗಳು ಸಾಕು, ಸಮಯವೂ ಕಡಿಮೆಯಿದೆ.

ಗಿರಿಜೆ ಕುರ್ಚಿಯಿಂದ ಎದ್ದೇಬಿಟ್ಟಳು. “ಮ್ಯಾಡಮ್, ಭಾಷೆ ಬರುವುದಿಲ್ಲವೆಂದು ಆಸ್ಪತ್ರೆಯವರು ಅವರನ್ನು ಕೇಳಲಿಲ್ಲ. ಅದನ್ನು ಬರೆಯುವ ನಾವೂ ಭಾಷೆ ಬರುವುದಿಲ್ಲವೆಂದು ಅವರನ್ನು ಬಿಡುವುದೇ? ಅಲ್ಲಿ ಒಬ್ಬಳು ಕಾಯುತ್ತಿದ್ದಾಳೆ.”

ಮಲ್ಲಮ್ಮನ ಮುಖ ನನ್ನ ಕಣ್ಣಮುಂದೆ ಬಂತು. ನನ್ನ ಒಂದು ಪೊಟ್ಟಣ ಪೇಢೆಯು ಆ ಹೆಣ್ಣುಮಗಳ ಬಾಯಿಗೆ ಅಡ್ಡವಾಗಿ ಕುಳಿತಿತ್ತು.

ಸುಮನತಾಯಿಯವರು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. “ಬಾಬಾ, ನಿಮಗೆ ಯಾರಾದರೂ ಕೊನೆಯ ಬಾರಿ ಇಲ್ಲವೆಂದದ್ದು ಯಾವಾಗ?”

ನಾನು ಯೋಚಿಸಿದೆ. ಅರ್ಧಾಂಗಿ ತೀರಿಕೊಂಡ ಮೇಲೆ ಯಾರೂ ಅಂದಿರಲಿಲ್ಲ.

“ಹಾಗಾದರೆ ಒಂದು ಷರತ್ತು. ಮತ್ತೊಮ್ಮೆ ಹೋಗಿ ಹೊಸದಾಗಿ ಕೇಳಿ. ಆದರೆ ಅದಕ್ಕೆ ಮೊದಲು ಎಲ್ಲಿಂದಲಾದರೂ ಒಂದು ‘ಇಲ್ಲ’ವನ್ನು ಸಂಪಾದಿಸಿಕೊಂಡು ಬನ್ನಿ. ಅದು ಹೇಗೆ ಸಿಗುತ್ತದೆಂದು ತಿಳಿದರೆ, ಆ ಹೆಂಗಸರ ಮುಂದೆ ಹೇಗೆ ಕೂರಬೇಕೆಂದೂ ನಿಮಗೆ ತಿಳಿಯುತ್ತದೆ.”

ಜ್ಞಾನಾರ್ಜನೆಗಾಗಿ ಗುರುಗಳು ಶಿಷ್ಯರಿಗೆ ಕಠಿಣ ನಿಯಮಗಳನ್ನು ವಿಧಿಸುತ್ತಿದ್ದುದನ್ನು ಪುರಾಣಗಳಲ್ಲಿ ಓದಿದ್ದೇನೆ. ಈ ವಯಸ್ಸಿನಲ್ಲಿ ಶಿಷ್ಯನಾಗುವೆನೆಂದು ಎಣಿಸಿರಲಿಲ್ಲ.

ವೇರುಳ

ಎಲ್ಲೋರದ ಗುಹೆಗಳ ಊರಾದ ವೇರುಳದಲ್ಲಿ ಘೃಷ್ಣೇಶ್ವರನ ಸನ್ನಿಧಿಯಿದೆ. ದಾರಿಯುದ್ದಕ್ಕೂ ನಾನು ನನ್ನ ಭಿಕ್ಷಾಟನೆಯನ್ನು ಆರಂಭಿಸಿದೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತ ತರುಣನನ್ನು, ಆ ಜಾಗ ನನಗೆ ಬೇಕೆಂದು ಯಾವ ಕಾರಣವೂ ಕೊಡದೆ ಕೇಳಿದೆ. ಎದ್ದು ನಿಂತ, ಕಿಟಕಿಯನ್ನೂ ಒರೆಸಿಕೊಟ್ಟ. ಚಹಾದ ಅಂಗಡಿಯವನಿಗೆ ಸಕ್ಕರೆಯಿಲ್ಲದ, ಹಾಲಿಲ್ಲದ, ಚಹಾಪುಡಿಯೂ ಇಲ್ಲದ ಚಹಾ ಬೇಕೆಂದೆ. “ಹೋ ಬಾಬಾ” ಎಂದು ಒಪ್ಪಿ, ಬಿಸಿನೀರಿಗೆ ಶುಂಠಿ ಜಜ್ಜಿ ಹಾಕಿ ತಂದುಕೊಟ್ಟ. ಸರದಿಯಲ್ಲಿ ಮುಂದಿದ್ದ ದೊಡ್ಡ ಕುಟುಂಬವೊಂದನ್ನು, ನನ್ನನ್ನು ಮುಂದೆ ಬಿಡುವಿರಾ ಎಂದು ಕೇಳಿದೆ. ಇಡೀ ಕುಟುಂಬ ದಾರಿಬಿಟ್ಟು, ಸಾಲಾಗಿ ಕಾಲಿಗೆ ಬಿತ್ತು.

“ಮುತ್ಯಾ, ನೀವು ಫೇಲ್ ಆಗ್ಲತ್ತೀರಿ” ಎಂದು ಗಿರಿಜೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಸಿನ್ನರಿನಿಂದೀಚೆಗೆ ಅವಳು ನಕ್ಕದ್ದು ಅದೇ ಮೊದಲು.

ಈ ಗುಡಿಯಲ್ಲಿ ಒಂದು ಪದ್ಧತಿಯಿದೆ. ಗರ್ಭಗುಡಿಗೆ ಹೋಗುವ ಗಂಡಸರು ಸೊಂಟದ ಮೇಲಿನ ಬಟ್ಟೆಯನ್ನೆಲ್ಲ ಕಳಚಬೇಕು. ನಾನೂ ಅಂಗಿ ಕಳಚಿದೆ, ಶಾಲು ಮಡಚಿದೆ, ರುದ್ರಾಕ್ಷಿಯನ್ನು ಅದರೊಳಗೆ ಸುತ್ತಿ ಗಿರಿಜೆಯ ಕೈಗೆ ಕೊಟ್ಟೆ. ಶ್ರಾವಣದ ಬೆವರಿಗೆ ವಿಭೂತಿಯೂ ಉಳಿದಿರಲಿಲ್ಲ. ಬರಿಮೈಯ ಗಂಡಸರ ಆ ಸಾಲಿನಲ್ಲಿ ಸಾಹುಕಾರ ಯಾರು, ಆಳು ಯಾರು, ಪಂಡಿತ ಯಾರೆಂದು ಹೇಳಲು ಸಾಧ್ಯವಿರಲಿಲ್ಲ. ಹೊಟ್ಟೆಯಿದ್ದವರು, ಇಲ್ಲದವರು ಎಂಬೆರಡೇ ವರ್ಣಗಳು. ಹಿಂದಿನವನೊಬ್ಬ ನನ್ನ ಬೆನ್ನಿಗೆ ಮೊಣಕೈ ಒತ್ತಿ, “ಚಲಾ ಆಜೋಬಾ, ಪುಢೆ ಚಲಾ!” ಎಂದು, ಅಂದರೆ ಮುಂದೆ ನಡಿ ಅಜ್ಜ ಎಂದು, ಗದರಿದ. ನನ್ನ ಮೈ ಜುಮ್ಮೆಂದಿತು, ಸಂತೋಷದಿಂದ.

ಆ ಲಿಂಗವನ್ನು ಭಕ್ತರು ಕೈಯಾರೆ ಮುಟ್ಟಬಹುದು. ಮುಟ್ಟುವ ಮುನ್ನ ನನ್ನ ಕೈ ಒಂದು ಕ್ಷಣ ಗಾಳಿಯಲ್ಲಿಯೇ ನಿಂತಿತು, ಗಿರಿಜೆಯ ಸೂಜಿಯಂತೆ. ಇಷ್ಟು ವರ್ಷ ಶಿವನನ್ನು ಕೇಳದೆಯೇ ಮುಟ್ಟಿದ್ದೆನಲ್ಲ! ಮನಸ್ಸಿನಲ್ಲಿಯೇ ಕೇಳಿದೆ. ಅವನು ಬೇಡವೆನ್ನಲಿಲ್ಲ. ತಣ್ಣನೆಯ ಕಲ್ಲಿಗೆ ಹಣೆ ಹಚ್ಚಿದೆ.

ಬರಿಮೈಯಲ್ಲಿಯೇ ಹೊರಬಂದು, ಪ್ರಸಾದದ ಪೇಢೆ ಕಟ್ಟಿಸಿಕೊಂಡು ನೋಡಿದರೆ ಗಿರಿಜೆ ಜನಸಂದಣಿಯಲ್ಲಿ ಕಾಣಲಿಲ್ಲ. ಬಿಲ್ವಪತ್ರೆ ಮಾರುತ್ತಿದ್ದ ಒಬ್ಬ ಮುದುಕಿಯ ಹತ್ತಿರ, ಪೊಟ್ಟಣದ ಪ್ರಸಾದವನ್ನು ಸ್ವಲ್ಪ ಹೊತ್ತು ನೋಡಿಕೊಳ್ಳುವೆಯಾ ತಾಯಿ, ಮೊಮ್ಮಗಳನ್ನು ಹುಡುಕಿ ಬರುತ್ತೇನೆ ಎಂದು ಸಹಜವಾಗಿಯೇ ಕೇಳಿದೆ.

ಅವಳು ತಲೆಯೆತ್ತಿ, ನನ್ನ ಎಲುಬುಗೂಡನ್ನು ಮೇಲಿಂದ ಕೆಳಗೆ ನೋಡಿ, “ನಾಹೀ ಜಮಣಾರ್” ಎಂದು ಮತ್ತೆ ಬಿಲ್ವಕ್ಕೆ ನೀರು ಚಿಮುಕಿಸತೊಡಗಿದಳು. ಆಗುವುದಿಲ್ಲ ಎಂದು ಅರ್ಥ.

ನನಗೆ ಕುಣಿಯುವಷ್ಟು ಆನಂದವಾಯಿತು. “ಇನ್ನೊಮ್ಮೆ ಹೇಳು ತಾಯಿ” ಎಂದೆ. ಮುದುಕಿಗೆ ಸಿಟ್ಟು ಬಂತು. ಗಿರಿಜೆ ನನ್ನನ್ನು ಕಂಡುಹಿಡಿದಾಗ ನಾನು ಆ ಮುದುಕಿಯ ಬುಟ್ಟಿಯ ಬಿಲ್ವವನ್ನೆಲ್ಲ ಕೊಂಡು ಎದೆಗವಚಿಕೊಂಡು ನಿಂತಿದ್ದೆ.

“ಸಿಕ್ಕಿತವ್ವ! ನನ್ನ ಶಾಲು ನಿನ್ನ ಹತ್ತಿರ ಇದ್ದಾಗ ಸಿಕ್ಕಿತು.”

ಗಿರಿಜೆ ಕೈಯಲ್ಲಿದ್ದ ಶಾಲನ್ನು ನೋಡಿದಳು, ನನ್ನನ್ನು ನೋಡಿದಳು. “ಹಾಂ” ಎಂದಳು, ನಿಧಾನವಾಗಿ. “ಹಂಗಾದ್ರ ಇದು ಸಿನ್ನರಿಗಿ ಬರೂದಿಲ್ಲ.”

ಮತ್ತೆ ಸಿನ್ನರ್

ಅಳಿಯನ ಹಳೆಯ ಅಂಗಿಯೊಂದನ್ನು ತೊಟ್ಟು, ರುದ್ರಾಕ್ಷಿಯನ್ನು ಒಳಗೆ ಸೇರಿಸಿಕೊಂಡು ಹೋದೆ. ವೇರುಳದ ಪೇಢೆಯ ಪೊಟ್ಟಣವನ್ನು ಗಿರಿಜೆ ತನ್ನ ಚೀಲದ ತಳಕ್ಕೆ ಹಾಕಿ ಜಿಪ್ಪು ಎಳೆದಿದ್ದಳು. ಹೆಂಗಸರು ಹೊರಸು ತಂದರು. ನಾನು ಅದನ್ನು ಬಿಟ್ಟು, ಕಲಸಿದ ಸಿಮೆಂಟು ಹೊರುವ ಒಂದು ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕುಳಿತೆ.

“ಯಾಕ ಮುತ್ಯಾ, ಆರಾಮ ಇಲ್ಲೇನು? ಒಣಗಿದಂಗ ಕಾಣ್ಲತ್ತೀರಿ” ಎಂದು ನಾಗಮ್ಮನೆಂಬ ಹಿರಿಯಳು ಮರುಗಿದಳು.

ಈ ಬಾರಿ ಗಿರಿಜೆಯೇ ಮಾತಾಡಿದಳು. ನನ್ನ ಗದ್ಯಖಂಡವನ್ನು ಮಡಚಿಟ್ಟು, ಕುಂಟುವ ಕನ್ನಡದಲ್ಲಿ ಹೇಳಿದಳು: “ಅಂದು ನೀವು ಹೂಂ ಅಂದಿದ್ದು ಹಿಡಿಯೂದಿಲ್ಲ. ಆ ಪೇಢೆ ದೇವರದು, ಅದರ ಋಣ ಇಲ್ಲ. ಇವತ್ತು ಮತ್ತ ಕೇಳ್ತೀನಿ. ನನ್ನ ಜೋಡಿ ಮಾತಾಡೂದು ಬ್ಯಾಡ ಅನ್ನಿಸಿದ್ರ ಬ್ಯಾಡ ಅನ್ರಿ. ಯಾರೂ ಸಿಟ್ಟಾಗೂದಿಲ್ಲ. ಮುತ್ಯಾನೂ ಆಗೂದಿಲ್ಲ.”

“ಪೇಢಾ ಅಂದೇ ಕರಗ್ಯದ ತಗಿ ಯವ್ವಾ!” ಎಂದಳು ಯಾರೋ. ಎಲ್ಲರೂ ನಕ್ಕರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಗಡಿನ ಮೇಲೆ ಹನಿ ಬೀಳುವ ಸದ್ದಷ್ಟೇ. ನಾನು ನನ್ನ ಕಾಲಿನ ಹೆಬ್ಬೆರಳನ್ನು ನೋಡುತ್ತ ಕುಳಿತೆ. ಅದಕ್ಕಿಂತ ದೀರ್ಘವಾದ ಮೌನವ್ರತವನ್ನು ನಾನು ಆಚರಿಸಿಲ್ಲ.

ಕಡೆಗೆ ನಾಗಮ್ಮ ಸೆರಗು ಕೊಡವಿ ಎದ್ದಳು. “ನಾ ಒಲ್ಲೆ ಯವ್ವಾ. ನನಗ ರೊಟ್ಟಿ ಬಡೀದದ. ಮತ್ತ ಆ ದವಾಖಾನಿ ಮಾತು ನೆನಸಿದ್ರ ನನಗ ರಾತ್ರಿ ನಿದ್ದಿ ಬರೂದಿಲ್ಲ.”

ಎಲ್ಲರೂ ನನ್ನ ಕಡೆ ತಿರುಗಿದರು, ಮೋಡದ ಕಡೆ ನೋಡುವಂತೆ. ನಾನು ನಾಗಮ್ಮನ ಮುಖ ನೋಡಿ, “ಆಯ್ತವ್ವ, ರೊಟ್ಟಿ ಮಾಡ್ಕೋ ಹೋಗು” ಎಂದೆ. ಅಷ್ಟೇ. ಸಿಡಿಲು ಬೀಳಲಿಲ್ಲ. ನಾಗಮ್ಮ ಹೋಗಿ ಒಲೆ ಹೊತ್ತಿಸಿದಳು. ರೊಟ್ಟಿ ಬಡಿಯುವ ಸದ್ದು ಕೇಳತೊಡಗಿತು. ಆ ಸದ್ದಿಗೆ ಉಳಿದವರ ಹೆಗಲುಗಳು ಸಡಿಲವಾದುದನ್ನು ನಾನು ಕಣ್ಣಾರೆ ಕಂಡೆ. ಇನ್ನೊಬ್ಬಳು ಒಲ್ಲೆನೆಂದಳು. ಮತ್ತೊಬ್ಬಳು ನಾಳೆ ನೋಡೋಣವೆಂದಳು. ಕೆಲವರು ಒಪ್ಪಿದರು, ಆ ‘ಹೂಂ’ಗಳು ಅಂದಿನಂತೆ ಒಟ್ಟಿಗೆ ಬರಲಿಲ್ಲ, ಒಂದೊಂದೂ ಬೇರೆ ಬೇರೆ ದನಿಯಲ್ಲಿ ಬಂದವು.

ಮಲ್ಲಮ್ಮ ಎಲ್ಲರಿಗಿಂತ ಕಡೆಗೆ ಎದ್ದಳು. “ನಾ ಹೇಳ್ತೀನಿ. ಆದ್ರ ಮುತ್ಯಾ ಹೊರಗ ಇರ್ಬೇಕು.”

“ಗಿರಿಜೆಗೆ ಕನ್ನಡ…” ಎಂದು ನಾನು ಆರಂಭಿಸಿದೆ.

“ಆಕಿಗಿ ಹೇಳಾಕ ಬರೂದಿಲ್ಲ ಮುತ್ಯಾ, ಕೇಳಾಕ ಬರ್ತದ. ಹೇಳಾಕಿ ನಾನು. ತಿಳೀಲಿಲ್ಲಂದ್ರ ಮತ್ತೊಮ್ಮಿ ಹೇಳ್ತೀನಿ.”

ಇದಕ್ಕೆ ಯಾವ ಶಾಸ್ತ್ರದಲ್ಲಿಯೂ ಖಂಡನೆಯಿಲ್ಲ. ದುಭಾಷಿಯ ಉದ್ಯೋಗ ಅಲ್ಲಿಗೆ ಮುಗಿಯಿತು. ಬುಟ್ಟಿಯನ್ನು ಎತ್ತಿಕೊಂಡು ಹೊರಗೆ ನಡೆದೆ. ತಗಡಿನ ಬಾಗಿಲು ಮುಚ್ಚಿತು. ಒಳಗೆ ಮಲ್ಲಮ್ಮನ ದನಿ ಏರುವುದೂ ಇಳಿಯುವುದೂ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಕೇಳಬಾರದೆಂದು ಬುಟ್ಟಿಯನ್ನು ಇನ್ನೂ ಸ್ವಲ್ಪ ದೂರ, ನಾಗಮ್ಮನ ಒಲೆಯ ಬಳಿಗೆ ಸರಿಸಿಕೊಂಡೆ. ಅವಳು ಬಿಸಿ ರೊಟ್ಟಿಯ ಮೇಲೆ ಒಂದು ಹಸಿ ಈರುಳ್ಳಿಯನ್ನಿಟ್ಟು ನನ್ನ ಮುಂದೆ ಹಿಡಿದಳು. ಶ್ರಾವಣವೆಂದು ಈರುಳ್ಳಿಯನ್ನು ಬೇಡವೆಂದೆ. ಅವಳು ನಕ್ಕು, “ಆಯ್ತು ಮುತ್ಯಾ” ಎಂದು ಅದನ್ನು ತಾನೇ ಕಚ್ಚಿದಳು. ಲೆಕ್ಕ ಸರಿಹೋಯಿತು.

ಬಾಗಿಲು ತೆರೆದಾಗ ಮಲ್ಲಮ್ಮನ ಕಣ್ಣು ಕೆಂಪಾಗಿತ್ತು. ಮುಖ ಮಾತ್ರ ಹೊರೆ ಇಳಿಸಿ ಬಂದವರ ಮುಖದಂತಿತ್ತು. ಏನು ಹೇಳಿದಳೆಂದು ಗಿರಿಜೆ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳು ಯಾವ ದಿನ ಮಲ್ಲಮ್ಮನನ್ನು ಕರೆದುಕೊಂಡು ಅದೇ ದವಾಖಾನೆಗೆ ಹೋಗಿ, ಅಂದು ಏನು ಮಾಡಿದರೆಂದು ಕೇಳಿ ತಿಳಿಯಬೇಕೆಂಬುದನ್ನು ಇಬ್ಬರೂ ಗೊತ್ತು ಮಾಡಿಕೊಳ್ಳುತ್ತಿದ್ದರು.

“ಒಲ್ಲೆ ಅಂದೋರಿಗಿ ಇವತ್ತು ಪೇಢಾ ಇಲ್ಲೇನು ಮುತ್ಯಾ?” ಎಂದು ಒಲೆಯ ಬಳಿಯಿಂದ ನಾಗಮ್ಮ ಕೂಗಿದಳು.

ನಾನು ಗಿರಿಜೆಯ ಮುಖ ನೋಡಿದೆ. “ಎಲ್ಲಾ ಮುಗೀತು, ಈಗ ಕೊಡ್ರಿ” ಎಂದು ಅವಳು ಜಿಪ್ಪು ತೆರೆದಳು. ಮೊದಲನೆಯದನ್ನು ನಾಗಮ್ಮನಿಗೆ ಕೊಟ್ಟೆ. ಮಲ್ಲಮ್ಮನ ಮುಂದೆ ಬಂದಾಗ, ಅಭ್ಯಾಸಬಲದಿಂದ ಚಾಚಿದ ಕೈಯನ್ನು ಹಿಂದೆಳೆದುಕೊಂಡೆ.

“ಕೊಡಲೇನವ್ವ?”

ಅವಳು ಪೇಢೆಯನ್ನು ನೋಡಿದಳು, ನನ್ನನ್ನು ನೋಡಿದಳು. ಹನಿ ಬೀಳುತ್ತಿತ್ತು. ನೈವೇದ್ಯ ಹಿಡಿದು ದೇವರ ಮುಂದೆ ಎಷ್ಟೋ ಬಾರಿ ಕಾದಿದ್ದೇನೆ. ಅಲ್ಲಿ ಉತ್ತರ ಏನೆಂದು ನಾನೇ ಊಹಿಸಿಕೊಳ್ಳುತ್ತಿದ್ದೆ. ಇಲ್ಲಿ ಊಹಿಸುವಂತಿರಲಿಲ್ಲ.

“ಅರ್ಧ ಸಾಕ್ರಿ” ಎಂದಳು ಮಲ್ಲಮ್ಮ. ತಾನೇ ಮುರಿದುಕೊಂಡು, ಉಳಿದರ್ಧವನ್ನು ನನ್ನ ಅಂಗೈಯಲ್ಲಿಯೇ ಬಿಟ್ಟಳು. “ಅದು ನೀವ್ ತಿನ್ರಿ. ಒಲ್ಲೆ ಅಂದ್ರೂ ನಡೀತದ.”

“ಮುತ್ಯಾ, ಶುಗರ್!” ಎಂದಳು ಗಿರಿಜೆ, ಹಿಂದಿನಿಂದ.

ಯಾರ ಒತ್ತಾಯವೂ ಇಲ್ಲದೆ, ಪೂರ್ಣ ಅರಿವಿನಿಂದ, ನಾನು ಆ ಅರ್ಧ ಪೇಢೆಯನ್ನು ಬಾಯಿಗೆ ಹಾಕಿಕೊಂಡೆ.